ಅಮೆರಿಕದ 29.97, ನಮ್ಮ 25: ಅಕ್ಕನ ಮದುವೆ ಟೇಪು ಒಂದು ಮಾಡಿದ್ದು

ಅಕ್ಕನ ಮದುವೆ ಆಗಿದ್ದು 2003ರ ಮೇ ತಿಂಗಳಲ್ಲಿ, ದಾವಣಗೆರೆಯಲ್ಲೇ. ಅವತ್ತು ಮಂಟಪದಲ್ಲಿ ಎರಡು ಕ್ಯಾಮೆರಾ ಓಡುತ್ತಿದ್ದವು. ಒಂದು ಊರಿನ ವಿಡಿಯೋದವರದ್ದು. ಇನ್ನೊಂದು ನ್ಯೂಜೆರ್ಸಿಯಿಂದ ಬಂದಿದ್ದ ದೊಡ್ಡಪ್ಪನ ಮಗ, ನಮ್ಮ ಅಣ್ಣ, ತಂದಿದ್ದ ಅಂಗೈ ಅಗಲದ ಮಿನಿ ಡಿವಿ ಹ್ಯಾಂಡಿಕ್ಯಾಮ್. ವಿಡಿಯೋದವರು ಕೊಟ್ಟ ವಿಎಚ್‌ಎಸ್ ಕ್ಯಾಸೆಟ್ಟನ್ನು ನಾವು ನಾಲ್ಕೈದು ಸಲ ನೋಡಿರಬಹುದು. ಅಣ್ಣನ ಟೇಪು ಮಾತ್ರ ಯಾರೂ ನೋಡಿಲ್ಲ. ಟೇಪು, ಕ್ಯಾಮೆರಾ ಎರಡನ್ನೂ ನಮ್ಮ ಮನೆಯಲ್ಲೇ ಬಿಟ್ಟು ಹೋದ. ಬೀರುವಿನಲ್ಲಿ ಸೀರೆಗಳ ಕೆಳಗೆ 21 ವರ್ಷ ಕೂತಿದ್ದವು.

ಈಗ ತೆಗೆಯೋಕೆ ಕಾರಣ ಅಜ್ಜಿ. ಅವರು 2006ರಲ್ಲಿ ಹೋದರು. ವಿಡಿಯೋದವರ ಕ್ಯಾಸೆಟ್‌ನಲ್ಲಿ ಅಜ್ಜಿ ಕಾಣುತ್ತಾರೆ, ಆದರೆ ದನಿ ಇಲ್ಲ. ಆ ಕಾಲದ ಪದ್ಧತಿಯಂತೆ ಅವರು ಪೂರ್ತಿ ಸಿನಿಮಾ ಹಾಡು ತುಂಬಿಸಿದ್ದರು, ಮುಹೂರ್ತದ ಹೊತ್ತು ಒಂದು ಬಿಟ್ಟು. ಅಜ್ಜಿ ಮಾತಾಡಿದ್ದು ಅಣ್ಣನ ಟೇಪಿನಲ್ಲಿ ಇದ್ದೇ ಇರುತ್ತೆ ಅಂತ ಅಕ್ಕ ಹೇಳುತ್ತಲೇ ಇದ್ದಳು. ಎರಡನ್ನೂ ಸೇರಿಸಿ ಒಂದೇ ವಿಡಿಯೋ ಮಾಡಿಕೊಡು ಅಂದಳು. ಒಂದು ವಾರದ ಕೆಲಸ ಅಂದುಕೊಂಡು ಹ್ಞೂಂ ಅಂದೆ. ಆರು ವಾರ ಆಯಿತು. ತೊಡಕು ಏನೆಂದರೆ ಅಣ್ಣನ ಅಮೆರಿಕದ ಟೇಪಿನಲ್ಲಿ ಸೆಕೆಂಡಿಗೆ 29.97 ಚಿತ್ರ (ಫ್ರೇಮ್), ನಮ್ಮೂರಿನ ಕ್ಯಾಸೆಟ್‌ನಲ್ಲಿ 25. ಎಲ್ಲೆಲ್ಲಿ ಎಡವಿದೆ ಅಂತ ದಿನಾಂಕದ ಸಮೇತ ಬರೆದಿಟ್ಟಿದ್ದೆ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಜನವರಿ 5, 2025, ಭಾನುವಾರ

ಕೈಗೆ ಸಿಕ್ಕಿದ್ದು: 60 ನಿಮಿಷದ ಮಿನಿ ಡಿವಿ ಟೇಪು 4, ವಿಎಚ್‌ಎಸ್ ಕ್ಯಾಸೆಟ್ 1, ಕ್ಯಾಮೆರಾ, ಅದರ ಅಡಾಪ್ಟರ್, ಸತ್ತ ಬ್ಯಾಟರಿ. ಅಮೆರಿಕದ ಸಾಮಾನು, 110 ವೋಲ್ಟ್ ಇರಬಹುದು, ಸುಟ್ಟು ಹೋದೀತು ಅಂತ ಹೆದರಿದ್ದೆ. ಅಡಾಪ್ಟರ್ ತಿರುಗಿಸಿ ನೋಡಿದರೆ 100ರಿಂದ 240 ವೋಲ್ಟ್ ಅಂತ ಇತ್ತು. ಪಿನ್ನು ಮಾತ್ರ ಚಪ್ಪಟೆ. 60 ರೂಪಾಯಿಯ ಪಿನ್ ತಂದು ಹಾಕಿದೆ. ಕ್ಯಾಮೆರಾ ಆನ್ ಆಯಿತು!

ಹಳದಿ, ಕೆಂಪು, ಬಿಳಿ ವೈರನ್ನು ಅಪ್ಪಾಜಿಯ ಹಳೇ ಡಬ್ಬ ಟಿವಿಗೆ ಚುಚ್ಚಿದೆ. ಚಿತ್ರ ಬಂತು, ಬಣ್ಣ ಬರಲಿಲ್ಲ. ಅದೂ ನಿಲ್ಲದೆ ಮೇಲಿಂದ ಕೆಳಗೆ ಉರುಳುತ್ತಿತ್ತು. ಅಪ್ಪಾಜಿ ಹೊರಗಿನಿಂದ ಬಂದವರು ಒಂದು ನಿಮಿಷ ನಿಂತು ನೋಡಿ, "ಮದುವೆ 2003ರಾಗ ಆಗಿದ್ದಾ, 1963ರಾಗ ಆಗಿದ್ದಾ?" ಅಂದರು.

ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಒಂದು ಗಂಟೆ ವೈರು ಬದಲಿಸಿದ್ದೇ ಬಂತು. ಕೆಟ್ಟಿರಲಿಲ್ಲ. ಕ್ಯಾಮೆರಾ ಎನ್‌ಟಿಎಸ್‌ಸಿ, ಟಿವಿ ಪಾಲ್. ಇವೆರಡೂ ಟಿವಿ ಚಿತ್ರ ಕಳಿಸುವ ಬೇರೆ ಬೇರೆ ಪದ್ಧತಿ. ಅಮೆರಿಕದ್ದು 525 ಗೆರೆ, ಸೆಕೆಂಡಿಗೆ ಸುಮಾರು 60 ಅರ್ಧ ಚಿತ್ರ (ಒಂದು ಚಿತ್ರವನ್ನು ಗೆರೆ ಬಿಟ್ಟು ಗೆರೆಯಂತೆ ಎರಡು ಅರ್ಧ ಮಾಡಿ ಕಳಿಸುತ್ತಾರೆ). ಜರ್ಮನಿಯಲ್ಲಿ ಹುಟ್ಟಿದ ಪಾಲ್ 625 ಗೆರೆ, ಸೆಕೆಂಡಿಗೆ 50 ಅರ್ಧ ಚಿತ್ರ. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ತೆಗೆದುಕೊಂಡಿದ್ದು ಪಾಲ್. ಬಣ್ಣ ಹೊತ್ತು ತರುವ ಅಲೆಯೂ ಬೇರೆ ಬೇರೆ: ಅಲ್ಲಿ 3.58 ಮೆಗಾಹರ್ಟ್ಸ್, ಇಲ್ಲಿ 4.43. ಟಿವಿ 4.43ರಲ್ಲಿ ಬಣ್ಣ ಹುಡುಕುತ್ತೆ, ಅಲ್ಲಿ ಏನೂ ಇಲ್ಲ, ಕಪ್ಪು ಬಿಳುಪು ತೋರಿಸಿ ಸುಮ್ಮನಾಗುತ್ತೆ. ಇನ್ನು ಉರುಳಾಟ ಯಾಕೆ ಅಂದರೆ ಅದು 50ಕ್ಕೆ ಕಾಯುವ ಟಿವಿ, ಇದು 60 ಕೊಡುವ ಕ್ಯಾಮೆರಾ.

ಜನವರಿ 8ರಿಂದ 11

ಮೂರು ದಿನ, 350 ರೂಪಾಯಿ ದಂಡ. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದೆ ಅಂತ ಖುಷಿಯಾಗಿ ಕಂಪ್ಯೂಟರ್‌ಗೆ ಹಾಕಿದರೆ ಬರೀ ಮೆಮೊರಿ ಕಾರ್ಡಿನ ಫೋಟೋ ಕಾಣುತ್ತೆ, ಟೇಪಿನದ್ದು ಬರಲ್ಲ. ಟೇಪಿನದ್ದು ಬೇಕಾದರೆ ಪಕ್ಕದ ಪುಟ್ಟ ಡಿವಿ ಕಿಂಡಿ, ಅಂದರೆ ವಿಡಿಯೋ ಸಾಗಿಸುವ ಫೈರ್‌ವೈರ್ ಎಂಬ ಹಳೇ ಜೋಡಣೆ. ಆನ್‌ಲೈನ್‌ನಲ್ಲಿ ಒಂದು ಕಡೆ ಫೈರ್‌ವೈರ್, ಇನ್ನೊಂದು ಕಡೆ ಯುಎಸ್‌ಬಿ ಇರುವ ವೈರು ಸಿಕ್ಕಿತು, ತರಿಸಿದೆ. ಕೆಲಸ ಮಾಡಲಿಲ್ಲ, ಮಾಡೋದೂ ಇಲ್ಲ. ಎರಡರ ಮಾತೇ ಬೇರೆ, ಬರೀ ಪಿನ್ನು ಬದಲಿಸಿದರೆ ಆಗೋ ಕೆಲಸ ಅಲ್ಲ. ಯಾರೂ ಇದನ್ನು ಕೊಳ್ಳಬೇಡಿ.

ಕೊನೆಗೆ ಫೈರ್‌ವೈರ್ ಕಿಂಡಿ ಇರುವ ಹಳೇ ಲ್ಯಾಪ್‌ಟಾಪ್ ಹುಡುಕಿದೆ. ಅಶೋಕ ರೋಡಿನ ಹತ್ತಿರ ಸೆಕೆಂಡ್ ಹ್ಯಾಂಡ್ ಮಾರುವವರ ಹತ್ತಿರ 4,000ಕ್ಕೆ ಒಂದು ಸಿಕ್ಕಿತು. ಬ್ಯಾಟರಿ ಇಲ್ಲ, ಒಂದು ಕೀ ಕಿತ್ತು ಹೋಗಿದೆ, ನಮಗೇನು. 4 ಪಿನ್ ವೈರಿಗೆ 450. ಅದಕ್ಕೆ ಉಬುಂಟು (ವಿಂಡೋಸ್ ಬದಲಿಗೆ ಹಾಕುವ ಉಚಿತ ವ್ಯವಸ್ಥೆ) ಹಾಕಿ, ಟೇಪನ್ನು ಕಂಪ್ಯೂಟರ್‌ಗೆ ಇಳಿಸುವ ಡಿವಿಗ್ರ್ಯಾಬ್ ಎಂಬ ಸಾಫ್ಟ್‌ವೇರ್ ಹಾಕಿದೆ.

ಜನವರಿ 12, ಭಾನುವಾರ

ಮೊದಲ ಟೇಪು ಹಾಕಿದ ಕೂಡಲೇ ಚೌಕ ಚೌಕ. ಮುಖದ ಅರ್ಧ ಒಂದು ಚೌಕದಲ್ಲಿ, ಇನ್ನರ್ಧ ಎಲ್ಲೋ. ಹೆಡ್ಡಿನಲ್ಲಿ, ಅಂದರೆ ಟೇಪನ್ನು ಓದುವ ಭಾಗದಲ್ಲಿ, ಧೂಳು ಕಟ್ಟಿದರೆ ಹೀಗೇ ಆಗುತ್ತೆ. ಒಣ ಕ್ಲೀನಿಂಗ್ ಟೇಪು ಬೆಂಗಳೂರಿನ ಎಸ್‌ಪಿ ರೋಡಿನಿಂದ ಗೆಳೆಯನ ಕೈಲಿ ಮೊದಲೇ ತರಿಸಿಟ್ಟಿದ್ದೆ, 600 ರೂಪಾಯಿ. 10 ಸೆಕೆಂಡು ಓಡಿಸಿ ನಿಲ್ಲಿಸಿದೆ. ಮತ್ತೆ 10 ಸೆಕೆಂಡು. ಅದಕ್ಕಿಂತ ಜಾಸ್ತಿ ಓಡಿಸಬಾರದು, ಅದು ಹೆಡ್ಡನ್ನು ಉಜ್ಜುವ ಟೇಪು. ಎರಡನೇ ಸಲಕ್ಕೆ ಚಿತ್ರ ತಿಳಿಯಾಯಿತು.

ಡಿವಿ ಟೇಪಿನ ಒಳ್ಳೆ ಗುಣ ಅಂದರೆ ಅದರಲ್ಲಿರುವುದು ಆಗಲೇ ಡಿಜಿಟಲ್. ಇದ್ದ ಹಾಗೇ ನಕಲು ಆಗುತ್ತೆ, ಸೆಕೆಂಡಿಗೆ ಸುಮಾರು 3.6 ಎಂಬಿ, ಗಂಟೆಗೆ 13 ಜಿಬಿ. ನಾಲ್ಕು ಟೇಪಿನಲ್ಲಿ ಒಟ್ಟು 3 ಗಂಟೆ 20 ನಿಮಿಷ ಇತ್ತು, 43 ಜಿಬಿ ಆಯಿತು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು, ಬೇಗ ಮಾಡೋಕೆ ದಾರಿ ಇಲ್ಲ.

ಡಿವಿಗ್ರ್ಯಾಬ್ ಪ್ರತಿ ಶಾಟಿಗೂ ಬೇರೆ ಫೈಲ್ ಮಾಡಿ, ಶೂಟ್ ಮಾಡಿದ ದಿನ ಮತ್ತು ಗಂಟೆಯನ್ನೇ ಹೆಸರಾಗಿ ಇಡುತ್ತೆ. ನೋಡಿದರೆ ಧಾರೆ ರಾತ್ರಿ 12:50ಕ್ಕೆ ಆಗಿದೆ! ನಮ್ಮ ಮುಹೂರ್ತ ಇದ್ದದ್ದು ಬೆಳಗ್ಗೆ 10:20ಕ್ಕೆ. ಅಣ್ಣ ಕ್ಯಾಮೆರಾದ ಗಡಿಯಾರ ಬದಲಿಸಿರಲಿಲ್ಲ, ಅದು ನ್ಯೂಜೆರ್ಸಿಯ ಸಮಯದಲ್ಲೇ ಓಡುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಎಲ್ಲಕ್ಕೂ 9:30 ಸೇರಿಸಿ ಹೆಸರು ಬದಲಿಸಿದೆ. ಇದೊಂದರಿಂದ ಮುಂದೆ ಜೋಡಿಸುವುದು ಎಷ್ಟು ಸಲೀಸಾಯಿತು ಅಂದರೆ, ಅಣ್ಣ ಮರೆತಿದ್ದೇ ಒಳ್ಳೆಯದಾಯಿತು. ಗಡಿಯಾರ ತಪ್ಪಿದ್ದರೂ ಒಂದೇ ಸಮನೆ ತಪ್ಪಿತ್ತು.

ಮೂರನೇ ಟೇಪಿನಲ್ಲಿ ಅಜ್ಜಿ ಸಿಕ್ಕರು. ಅಡುಗೆಮನೆ ಬಾಗಿಲಲ್ಲಿ ಕೂತು ಬೀಗರ ಕಡೆಯವರಿಗೆ ಕಾಫಿ ಹೋಯಿತಾ ಅಂತ ಯಾರನ್ನೋ ಗದರುತ್ತಿದ್ದಾರೆ. 40 ಸೆಕೆಂಡು. ಅವತ್ತು ಅದಾದ ಮೇಲೆ ಕೆಲಸ ಮುಂದುವರಿಯಲಿಲ್ಲ.

ಜನವರಿ 18, 19

ವಿಎಚ್‌ಎಸ್ ಸರದಿ. ಹಳೇ ವಿಸಿಆರ್ ಒಂದಕ್ಕೆ 4,500, ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ 900. ಮುಚ್ಚಳ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಚಮೋಯಿ ಬಟ್ಟೆಯನ್ನು (ಮೆತ್ತನೆಯ ಚರ್ಮ) ಹೆಡ್ಡು ಇರುವ ಡ್ರಮ್ಮಿಗೆ ಒತ್ತಿ ಹಿಡಿದು ಡ್ರಮ್ಮನ್ನು ಕೈಯಿಂದ ತಿರುಗಿಸಿದೆ. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಬಾರದು, ಹೆಡ್ಡು ಮುರಿಯುತ್ತೆ. ಟ್ರ್ಯಾಕಿಂಗ್ ಸರಿ ಮಾಡಿದ ಮೇಲೆ ಚಿತ್ರ ಪರವಾಗಿಲ್ಲ.

ಮೊದಲ ಕ್ಯಾಪ್ಚರ್‌ನಲ್ಲಿ 2 ಗಂಟೆ 5 ನಿಮಿಷದಲ್ಲಿ 311 ಫ್ರೇಮ್ ಬಿದ್ದು ಹೋಗಿದ್ದವು. ಡಬ್ಬಿಯನ್ನು ಯುಎಸ್‌ಬಿ ಹಬ್ಬಿಗೆ ಹಾಕಿದ್ದೆ, ಅದೇ ತಪ್ಪು. ನೇರ ಕಂಪ್ಯೂಟರ್‌ಗೆ ಹಾಕಿ, ಬ್ರೌಸರ್ ಎಲ್ಲ ಮುಚ್ಚಿ ಮತ್ತೆ ಮಾಡಿದೆ. 4 ಫ್ರೇಮ್ ಹೋದವು. ಸಾಕು.

ಒಂದು ಮಾತು. ಕ್ಯಾಪ್ಚರ್ ಸಾಫ್ಟ್‌ವೇರ್ ತೆರೆದ ಕೂಡಲೇ ಅದರಲ್ಲಿ ಎನ್‌ಟಿಎಸ್‌ಸಿ ಅಂತ ಇರುತ್ತೆ. ಮೊದಲು ಪಾಲ್‌ಗೆ ಬದಲಿಸಿ. ನಾನು ಬದಲಿಸದೆ ಹತ್ತು ನಿಮಿಷ ಹರಿದು ಹೋದ ಕಪ್ಪು ಬಿಳುಪು ಚಿತ್ರ ನೋಡುತ್ತಾ ವಿಸಿಆರ್ ಮಾರಿದವನನ್ನು ಮನಸಿನಲ್ಲೇ ಬೈದೆ. ಅಪ್ಪಾಜಿಯ ಟಿವಿಯಲ್ಲಿ ಆದದ್ದೇ, ತಿರುಗು ಮುರುಗಾಗಿ. ಹದಿನೈದು ದಿನದ ಹಿಂದೆ ಕಲಿತಿದ್ದು ಹೊಳೆಯಲೇ ಇಲ್ಲ.

ಜನವರಿ 22: ಮೊದಲನೇ ದೊಡ್ಡ ತಪ್ಪು

ಈಗ ಒಂದು ಕಡೆ 29.97 ಫ್ರೇಮಿನ 720 × 480, ಇನ್ನೊಂದು ಕಡೆ 25 ಫ್ರೇಮಿನ 720 × 576. ಮದುವೆ ವಿಡಿಯೋ ಎಡಿಟ್ ಮಾಡುವ ಪರಿಚಯದವರನ್ನು ಕೇಳಿದೆ. "ನಮ್ಮದು ಪಾಲ್ ಅಲ್ವಾ ಸಾರ್, 25ಕ್ಕೆ ಹಾಕಿಬಿಡಿ" ಅಂದರು. ಸರಿ ಅನ್ನಿಸಿತು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಖಾನೆ ಇತ್ತು, ಈ ಫೈಲನ್ನು ಇಷ್ಟು ಫ್ರೇಮ್ ಅಂತ ಓದು ಎಂದು ಹೇಳುವುದಕ್ಕೆ. ಅಲ್ಲಿ 25 ಹೊಡೆದೆ.

ಎಲ್ಲರೂ ನೀರಿನೊಳಗೆ ನಡೆದ ಹಾಗೆ ನಡೆದರು. 8 ನಿಮಿಷದ ಶಾಟು 9 ನಿಮಿಷ 35 ಸೆಕೆಂಡು ಆಯಿತು. ಅಜ್ಜಿಯ ದನಿ ಗಂಡಸಿನ ದನಿಯಾಯಿತು. ಪಕ್ಕದಲ್ಲಿ ಕೂತಿದ್ದ ಅಮ್ಮ "ಇದು ಯಾರ ಮಾತು?" ಅಂದರು. ಅವರದೇ ತಾಯಿ.

ನಾನು ಮಾಡಿದ್ದು ಏನೆಂದರೆ ಸೆಕೆಂಡಿಗೆ 29.97 ಚಿತ್ರ ಇರುವುದನ್ನು ಸೆಕೆಂಡಿಗೆ 25ರಂತೆ ಹಂಚಿಬಿಟ್ಟೆ. ಯಾವ ಚಿತ್ರವೂ ಬಿದ್ದು ಹೋಗಲ್ಲ, ಸಮಯವೇ ಹಿಗ್ಗುತ್ತೆ. ಒಂದು ಗಂಟೆ 72 ನಿಮಿಷ ಆಗುತ್ತೆ. ಆ ಖಾನೆ ಇರುವುದು ಲೆಕ್ಕ ತಪ್ಪಿದ ಫೈಲಿಗೆ, ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸೋಕೆ ಅಲ್ಲ.

ಜನವರಿ 26

ರಜೆ, ಇಡೀ ದಿನ ಕೂತೆ. ಎರಡು ತಪ್ಪು ಒಂದೇ ದಿನ.

ಬೆಳಗ್ಗೆ: 25ರ ಟೈಮ್‌ಲೈನ್‌ಗೆ (ಶಾಟುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಅಣ್ಣನ ಶಾಟುಗಳನ್ನು ಸುಮ್ನೆ ಎಳೆದು ಹಾಕಿದೆ, ಸಾಫ್ಟ್‌ವೇರೇ ನೋಡಿಕೊಳ್ಳಲಿ ಅಂತ. ವೇಗ ಸರಿಯಾಯಿತು, ದನಿ ಸರಿಯಾಯಿತು. ಆದರೆ ಅಣ್ಣ ಕ್ಯಾಮೆರಾ ತಿರುಗಿಸಿದಲ್ಲೆಲ್ಲ ಕುಕ್ಕು ಕುಕ್ಕು. ಸೆಕೆಂಡಿಗೆ 30ರಲ್ಲಿ 5 ಫ್ರೇಮ್ ಬಿಸಾಡುತ್ತಿದೆ, ಕಣ್ಣಿಗೆ ಆ ಐದು ಕುಕ್ಕು ಲೆಕ್ಕ ಸಿಗುತ್ತೆ. ಫ್ರೇಮ್ ಬೆರೆಸುವ ಆಯ್ಕೆ ಹಾಕಿದೆ. ಕುಕ್ಕು ಹೋಯಿತು, ಎಲ್ಲರ ಹಿಂದೆ ಒಂದೊಂದು ನೆರಳು ಬಂತು. ಊಟಕ್ಕೆ ಬಡಿಸುವವರಿಗೆ ನಾಲ್ಕು ಕೈ.

ಮಧ್ಯಾಹ್ನ: ಮೊದಲು ಎಲ್ಲ ತುಣುಕನ್ನೂ ಒಂದೇ ಉದ್ದನೆಯ ಫೈಲ್ ಮಾಡೋಣ ಅಂತ ಹೊರಟು, ಫ್ರೇಮ್ ಲೆಕ್ಕ ಕೇಳಿದಾಗ 30 ಅಂತ ಹೊಡೆದೆ. 29.97 ಅಂದರೂ 30 ಅಂದರೂ ಏನು ಮಹಾ ಅಂತ. ಮೊದಲ ಐದು ನಿಮಿಷ ಗೊತ್ತೇ ಆಗಲ್ಲ. 40 ನಿಮಿಷಕ್ಕೆ ಬರುವ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ, 2.4 ಸೆಕೆಂಡು ವ್ಯತ್ಯಾಸ. ಸಾವಿರಕ್ಕೆ ಒಂದು ತಪ್ಪಿದರೆ ಗಂಟೆಗೆ 3.6 ಸೆಕೆಂಡು ಆಗುತ್ತೆ, ಲೆಕ್ಕ ಸರಿಯಾಗೇ ಇದೆ, ನಾನು ಮಾಡಿರಲಿಲ್ಲ ಅಷ್ಟೆ.

ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಅಮೆರಿಕದವರು ಮೊದಲು ಸರಿಯಾಗಿ 30ರಲ್ಲೇ ಇದ್ದರು. 1953ರಲ್ಲಿ ಬಣ್ಣ ಸೇರಿಸುವಾಗ ಬಣ್ಣದ ಅಲೆಯೂ ದನಿಯ ಅಲೆಯೂ ಒಂದಕ್ಕೊಂದು ತಾಗಿ ಪರದೆ ಮೇಲೆ ಚುಕ್ಕೆ ಎಬ್ಬಿಸಬಾರದು ಅಂತ ಇಡೀ ವೇಗವನ್ನು ಸಾವಿರಕ್ಕೊಂದು ಇಳಿಸಿದರು. 30,000 ಭಾಗಿಸು 1001. ಅವರ ಟೈಮ್‌ಕೋಡೂ, ಅಂದರೆ ಪ್ರತಿ ಫ್ರೇಮಿಗೆ ಹಾಕುವ ಸಮಯದ ಎಣಿಕೆಯೂ, ಇದಕ್ಕಾಗಿ ಗಂಟೆಗೆ 108 ಸಂಖ್ಯೆ ಹಾರಿಸುತ್ತೆ, ಪ್ರತಿ ನಿಮಿಷದ ಮೊದಲ ಎರಡು, ಹತ್ತನೇ ನಿಮಿಷಕ್ಕೊಮ್ಮೆ ಹಾರಿಸಲ್ಲ. ಚಿತ್ರ ಹಾರಲ್ಲ, ಬರೀ ಎಣಿಕೆ ಹಾರುತ್ತೆ. 108 ಫ್ರೇಮ್ ಅಂದರೆ ಅದೇ 3.6 ಸೆಕೆಂಡು. ಎಲ್ಲಿ ಕೇಳಿದರೂ 29.97 ಅಂತ ಕೂಡ ಬರೆಯಬೇಡಿ, 30000/1001 ಅಂತಲೇ ಬರೆಯಿರಿ.

ಫೆಬ್ರವರಿ 1

ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಮಧ್ಯದ ಚಿತ್ರಗಳನ್ನು ತಾನೇ ಊಹಿಸಿ ಬರೆಯುವ ಫಿಲ್ಟರ್ ಇದೆ, ಮಿಂಟರ್ಪೊಲೇಟ್ ಅಂತ. 60ರಿಂದ 50 ಮಾಡೋಕೆ ಇದೇ ಮದ್ದು ಅಂದುಕೊಂಡೆ. 2 ನಿಮಿಷದ ತುಣುಕಿಗೆ ಮುಕ್ಕಾಲು ಗಂಟೆ ಹಿಡಿಯಿತು. 3 ಗಂಟೆ 20 ನಿಮಿಷಕ್ಕೆ 75 ಗಂಟೆ. ಕಾಯಬಹುದಿತ್ತು. ಆದರೆ ಧಾರೆಯಲ್ಲಿ ಎಲ್ಲರೂ ಅಕ್ಷತೆ ಹಾಕುವ ಹೊತ್ತಿಗೆ ಗಾಳಿಯಲ್ಲಿರುವ ಅಕ್ಕಿಕಾಳನ್ನು ಅದು ಏನೂ ಊಹಿಸಲಾರದೆ ಕಲಸಿಬಿಟ್ಟಿತು. ಭಾವನ ಮುಖದ ಮೇಲೆ ಗಂಜಿ ಸುರಿದ ಹಾಗಿತ್ತು. ಬಿಟ್ಟೆ.

ಫೆಬ್ರವರಿ 2: ಕೊನೆಗೆ ಹೊಳೆದದ್ದು

ಬೆಳಗ್ಗೆ ಬೆಣ್ಣೆ ದೋಸೆಗೆ ಹೋಗಿ ಸಾಲಿನಲ್ಲಿ ನಿಂತಿದ್ದಾಗ ಹೊಳೆಯಿತು. ನಾನು ಯಾಕೆ 25ಕ್ಕೆ ಅಂಟಿಕೊಂಡಿದ್ದೇನೆ? ಯಾವ ಕೇಂದ್ರವೂ ಇದನ್ನು ಪ್ರಸಾರ ಮಾಡಲ್ಲ. ಪೆನ್‌ಡ್ರೈವಿಗೆ ಹಾಕಿ ಅಕ್ಕನ ಮನೆಯ ಈಗಿನ ಟಿವಿಯಲ್ಲಿ ನೋಡುವುದು. ಆ ಟಿವಿಗೆ 50 ಆದರೇನು, 60 ಆದರೇನು, ಎರಡೂ ಓಡುತ್ತೆ. ನಮ್ಮ ದೇಶ ಪಾಲ್ ಎಂಬ ಮಾತು ಆಂಟೆನಾ ಕಾಲದ್ದು.

ಹಾಗಾದರೆ ಯಾರು ಬದಲಾಗಬೇಕು? ಮನೆಗೆ ಬಂದು ಎರಡೂ ಕಡೆಯ ಶಾಟು ನೋಡಿದೆ. ವಿಡಿಯೋದವರು ಬಹುಪಾಲು ಸ್ಟ್ಯಾಂಡ್ ಹಾಕಿ, ಲೈಟ್ ಹಿಡಿಸಿ, ಅಲ್ಲಾಡದೆ ತೆಗೆದಿದ್ದಾರೆ. ಜನ ಸಾಲಾಗಿ ಬಂದು ಉಡುಗೊರೆ ಕೊಟ್ಟು ನಿಂತು ಹೋಗುತ್ತಾರೆ, ಅಷ್ಟೆ. ಅಣ್ಣನೋ ಕ್ಯಾಮೆರಾ ಕೈಲಿ ಹಿಡಿದು ಮಂಟಪ ಪೂರ್ತಿ ಓಡಾಡಿದ್ದಾನೆ. ಫ್ರೇಮ್ ಬಿಸಾಡಿದರೂ ಹೆಚ್ಚಿಗೆ ಸೇರಿಸಿದರೂ ಕಾಣುವುದು ಅಲುಗಾಟ ಇರುವಲ್ಲಿ. ಹಾಗಾಗಿ ಜಾಸ್ತಿ ಅಲುಗಾಡುವುದನ್ನು ಅದರ ಸ್ವಂತ ವೇಗದಲ್ಲೇ ಬಿಟ್ಟು, ಅಲುಗಾಡದೆ ಇರುವುದನ್ನು ಬಗ್ಗಿಸಬೇಕು. ಅಂದರೆ ಟೈಮ್‌ಲೈನ್ 59.94, 29.97ರ ಎರಡರಷ್ಟು. ಪಾಲ್ ವಿಡಿಯೋವೇ ಅಮೆರಿಕದ ಲೆಕ್ಕಕ್ಕೆ ಬರಲಿ.

ಮಾಡಿದ್ದು ಹೀಗೆ. ಎರಡೂ ಅರ್ಧ ಚಿತ್ರದ ಪದ್ಧತಿಯವು, ಒಂದು ಸಲ ಬೆಸ ಗೆರೆ, ಒಂದು ಸಲ ಸರಿ ಗೆರೆ. ಬಿಡಬ್ಲ್ಯೂಡಿಐಎಫ್ ಫಿಲ್ಟರ್‌ಗೆ ಪ್ರತಿ ಅರ್ಧ ಚಿತ್ರದಿಂದ ಒಂದು ಪೂರ್ತಿ ಚಿತ್ರ ಮಾಡು ಅಂತ ಹೇಳಿದೆ. ಅಣ್ಣನದ್ದು 59.94 ಪೂರ್ತಿ ಚಿತ್ರ ಆಯಿತು, ವಿಎಚ್‌ಎಸ್ 50 ಆಯಿತು. ಆಮೇಲೆ ವಿಎಚ್‌ಎಸ್‌ಗೆ ಮಾತ್ರ ಎಫ್‌ಪಿಎಸ್ ಫಿಲ್ಟರ್, 60000/1001. ಅದು ಸೆಕೆಂಡಿಗೆ ಸುಮಾರು 10 ಚಿತ್ರವನ್ನು ಎರಡೆರಡು ಸಲ ಹಾಕುತ್ತೆ. ಎರಡನ್ನೂ 1440 × 1080ಕ್ಕೆ ಹಿಗ್ಗಿಸಿದೆ. ಮೊದಲು ವಿಎಚ್‌ಎಸ್‌ನ 576 ಗೆರೆಯನ್ನು 480ಕ್ಕೆ ಇಳಿಸೋಣ ಅಂತಿದ್ದೆ. ಇರುವುದೇ ಮಬ್ಬು, ಅದರಲ್ಲಿ ಇನ್ನಷ್ಟು ಕಳೆಯೋದು ಬೇಡ ಅನ್ನಿಸಿತು. ದನಿಯಲ್ಲೂ ಅಣ್ಣನದ್ದು 32 ಕಿಲೋಹರ್ಟ್ಸ್, ಇನ್ನೊಂದು 48. ಎಲ್ಲ 48 ಮಾಡಿದೆ.

ಫೆಬ್ರವರಿ 5

ವಿಎಚ್‌ಎಸ್ ಭಾಗ ನಡುಗುತ್ತಿದೆ. ಹಾರ ಹಾಕುವ ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತೆ. ಎರಡು ಸಂಜೆ ತಲೆ ಕೆಟ್ಟಿತು. ಕಾರಣ ಫೀಲ್ಡ್ ಕ್ರಮ, ಅಂದರೆ ಎರಡು ಅರ್ಧ ಚಿತ್ರದಲ್ಲಿ ಯಾವುದು ಮೊದಲು ಎಂಬುದು. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ನನ್ನ ಕ್ಯಾಪ್ಚರ್ ಡಬ್ಬಿ ಮೇಲಿನ ಫೀಲ್ಡ್ ಮೊದಲು ಕೊಡುತ್ತೆ. ನಾನು ಎರಡಕ್ಕೂ ಒಂದೇ ಕಮಾಂಡ್ ನಕಲು ಮಾಡಿ ಅಂಟಿಸಿದ್ದೆ. ಒಂದು ಅಕ್ಷರ ಬದಲಿಸಿದೆ, ಸರಿಯಾಯಿತು. 2 ಗಂಟೆ 5 ನಿಮಿಷದ್ದನ್ನು ಪೂರ್ತಿ ಮತ್ತೆ ಮಾಡಬೇಕಾಯಿತು. ಮೊದಲೇ ಹತ್ತು ಸೆಕೆಂಡಿನ ಕೈ ಬೀಸುವ ಶಾಟಿನಲ್ಲಿ ಪರೀಕ್ಷೆ ಮಾಡಿಕೊಂಡಿದ್ದರೆ ಉಳಿಯುತ್ತಿತ್ತು.

ಫೆಬ್ರವರಿ 8, 9: ಮಂಟಪದ ಟ್ಯೂಬ್‌ಲೈಟು

ಅಣ್ಣನ ಹೊರಗಿನ ಶಾಟೆಲ್ಲ ಚೆನ್ನಾಗಿವೆ. ಒಳಗೆ ಬಂದ ಕೂಡಲೇ ಚಿತ್ರ ಪಟಪಟ ಮಿಣುಕುತ್ತೆ. ವಿಡಿಯೋದವರ ಕ್ಯಾಸೆಟ್‌ನಲ್ಲಿ ಅದೇ ಮಂಟಪ, ಅದೇ ಲೈಟು, ಮಿಣುಕಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಚೋಕ್ ಹಾಕಿದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹತ್ತಿ ಆರುತ್ತೆ. ಪಾಲ್ ಕ್ಯಾಮೆರಾದ ಪ್ರತಿ ಅರ್ಧ ಚಿತ್ರಕ್ಕೆ ಸರಿಯಾಗಿ ಎರಡು ಮಿನುಗು ಸಿಗುತ್ತೆ. ಅಣ್ಣನ ಕ್ಯಾಮೆರಾಕ್ಕೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಒಂದು ಚಿತ್ರಕ್ಕೆ ಬೆಳಕು ಜಾಸ್ತಿ, ಮುಂದಿನದಕ್ಕೆ ಕಡಿಮೆ. ಅವತ್ತು ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಬಿಡುವ ಸಮಯ) 1/100 ಸೆಕೆಂಡಿಗೆ ಇಟ್ಟಿದ್ದರೆ ಪ್ರತಿ ಚಿತ್ರಕ್ಕೂ ಒಂದೊಂದೇ ಮಿನುಗು ಸಿಕ್ಕಿ ಇದು ಬರುತ್ತಿರಲಿಲ್ಲ. ಅಣ್ಣನಿಗೆ ಫೋನಿನಲ್ಲಿ ಹೇಳಿದೆ, "ಆಗ ನಂಗೆ ಆನ್ ಮಾಡೋದು ಬಿಟ್ಟು ಏನೂ ಗೊತ್ತಿರಲಿಲ್ಲ ಕಣೋ" ಅಂದ.

ಡಿಫ್ಲಿಕರ್ ಎಂಬ ಫಿಲ್ಟರ್ ಹಾಕಿದೆ. ಅದು ಅಕ್ಕಪಕ್ಕದ ಕೆಲವು ಚಿತ್ರಗಳ ಬೆಳಕಿನ ಸರಾಸರಿ ತೆಗೆದು ಎಲ್ಲವನ್ನೂ ಅದಕ್ಕೆ ತರುತ್ತೆ. ತಾನಾಗೇ 5 ಚಿತ್ರ ಎಣಿಸುತ್ತೆ. ಕಡಿಮೆಯಾಯಿತು, ಹೋಗಲಿಲ್ಲ. ಒಂದು ಶಾಟಿನ ಚಿತ್ರಗಳನ್ನು ಒಂದೊಂದಾಗಿ ಮುಂದೆ ಸರಿಸಿ ಬೆಳಕು ಬರೆದುಕೊಂಡೆ: ಜಾಸ್ತಿ, ಕಡಿಮೆ, ಮಧ್ಯಮ, ಮತ್ತೆ ಜಾಸ್ತಿ, ಕಡಿಮೆ, ಮಧ್ಯಮ. ಮೂರಕ್ಕೊಮ್ಮೆ ಮರಳುತ್ತಿದೆ. ಆಗಬೇಕಾದದ್ದೇ, ಮೂರು ಅರ್ಧ ಚಿತ್ರದ ಸಮಯಕ್ಕೆ ಐದು ಮಿನುಗು ಸರಿ ಹೊಂದುತ್ತೆ. ಐದರ ಸರಾಸರಿ ತೆಗೆದರೆ ಒಂದೂವರೆ ಸುತ್ತೂ ಆಗಲ್ಲ, ಎರಡು ಸುತ್ತೂ ಆಗಲ್ಲ. 6 ಅಂತ ಹಾಕಿದೆ. ಮಿಣುಕು ನಿಂತಿತು! ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಗಳಿಗೆ ಇದು, ಯಾರಿಗೆ ಹೇಳಿದರೂ ಅರ್ಥ ಆಗಲಿಲ್ಲ ಅನ್ನೋದು ಬೇರೆ ಮಾತು.

ಪೂರ್ತಿ ಅಲ್ಲ. ಬಿಳಿ ಪಂಚೆ, ಬಿಳಿ ಗೋಡೆ ಇರುವಲ್ಲಿ ಬಣ್ಣ ತುಸು ಹಳದಿಗೆ ತಿರುಗಿ ಮರಳುತ್ತೆ. ಫಿಲ್ಟರ್ ಬೆಳಕನ್ನು ಸರಿ ಮಾಡುತ್ತೆ, ಬಣ್ಣವನ್ನಲ್ಲ. ಇನ್ನೊಂದು, ಊಟದ ಹೊತ್ತಿಗೆ ಕರೆಂಟ್ ಹೋಗಿ ಜನರೇಟರ್ ಹಾಕಿದ್ದಾರೆ. ಅದರ ಸದ್ದು ಟೇಪಿನಲ್ಲೇ ಇದೆ. ಅದು ಸರಿಯಾಗಿ 50ಕ್ಕೆ ಓಡಿಲ್ಲ, ಹಾಗಾಗಿ ಮೂರರ ಲೆಕ್ಕ ಅಲ್ಲಿ ನಡೆಯಲಿಲ್ಲ. ಆ 11 ನಿಮಿಷಕ್ಕೆ 15 ಚಿತ್ರದ ಸರಾಸರಿ ಹಾಕಿ ಸಾಕು ಅಂದುಕೊಂಡೆ.

ಫೆಬ್ರವರಿ 11ರಿಂದ 14

ಜೋಡಿಸುವುದು. ಧಾರೆ ಮಾತ್ರ ಎರಡೂ ಕ್ಯಾಮೆರಾದಲ್ಲಿ ದನಿ ಸಮೇತ ಇದೆ. ಗಟ್ಟಿಮೇಳದಿಂದ ಹೊಂದಿಸೋಣ ಅಂದರೆ ಓಲಗದವರು ಒಂದೇ ಸಮನೆ ಬಾರಿಸುತ್ತಾರೆ, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗಲ್ಲ. ಸಹಾಯಕ್ಕೆ ಬಂದದ್ದು ಫೋಟೋದವರ ಫ್ಲ್ಯಾಶ್. ಅದು ಎರಡೂ ಕ್ಯಾಮೆರಾದಲ್ಲಿ ಒಂದೇ ಗಳಿಗೆಗೆ ಒಂದು ಬಿಳಿ ಚಿತ್ರ ಬಿಟ್ಟು ಹೋಗುತ್ತೆ. ಮೂರು ಫ್ಲ್ಯಾಶ್ ನಡುವಿನ ಅಂತರ ಹೊಂದಿದರೆ ಜಾಗ ಖಚಿತ. ವಿಎಚ್‌ಎಸ್ ಟೇಪು ಸ್ವಲ್ಪ ಸ್ವಲ್ಪ ಜಾರುತ್ತೆ, ಅರ್ಧ ಗಂಟೆಗೆ 14 ಫ್ರೇಮ್ ಜಾರಿತ್ತು. ಪ್ರತಿ ಐದಾರು ನಿಮಿಷಕ್ಕೆ ಒಂದು ಫ್ಲ್ಯಾಶ್ ಹುಡುಕಿ ಕತ್ತರಿಸಿ ಮತ್ತೆ ಕೂರಿಸಿದೆ. ದನಿ ಎಲ್ಲ ಅಣ್ಣನ ಟೇಪಿನದ್ದೇ.

ವಿಡಿಯೋದವರು ಹಾಕಿದ್ದ ಹೃದಯದ ಆಕಾರದ ಎಫೆಕ್ಟುಗಳನ್ನು ತೆಗೆಯೋಣ ಅಂತಿದ್ದೆ. ಅಕ್ಕ ಬೇಡ ಅಂದಳು. ಇರಲಿ.

ಫೆಬ್ರವರಿ 16, ಭಾನುವಾರ

ಪೆನ್‌ಡ್ರೈವ್ ತೆಗೆದುಕೊಂಡು ಅಕ್ಕನ ಮನೆಗೆ, ಚಿತ್ರದುರ್ಗಕ್ಕೆ ಹೋದೆವು. ಒಟ್ಟು 2 ಗಂಟೆ 38 ನಿಮಿಷ, 59.94 ಫ್ರೇಮ್. ಟಿವಿ ಮೊದಲು ಭಾವನನ್ನು ಅಡ್ಡಕ್ಕೆ ಹಿಗ್ಗಿಸಿ ತೋರಿಸಿತು, ಎಲ್ಲರೂ ನಕ್ಕರು. ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಅಗಲ ಬದಲಿಸಿದ ಮೇಲೆ ಸರಿಯಾಯಿತು. ಕುಕ್ಕು ಇಲ್ಲ. ವಿಎಚ್‌ಎಸ್‌ನ ಒಂದು ನಿಧಾನದ ಝೂಮ್‌ನಲ್ಲಿ ಮಾತ್ರ ಎರಡೆರಡು ಸಲ ಹಾಕಿದ ಚಿತ್ರ ನನಗೆ ಕಂಡಿತು, ಬೇರೆ ಯಾರಿಗೂ ಕಾಣಲಿಲ್ಲ. ಅಜ್ಜಿಯ 40 ಸೆಕೆಂಡನ್ನು ಅಕ್ಕ ಮೂರು ಸಲ ಹಾಕಿಸಿದಳು. ಆಮೇಲೆ ಕೇಳಿದ್ದು ಒಂದೇ: ಕಾಫಿ ಹೋಯಿತಾ ಅಂತ ಅಜ್ಜಿ ಗದರಿದ್ದು ಯಾರಿಗೆ? ಆ ಕಡೆ ಇರುವವರ ಬರೀ ಮೊಣಕೈ ಕಾಣುತ್ತೆ. ಅಮ್ಮ ಚಿಕ್ಕಪ್ಪನದ್ದು ಅಂದರು, ಚಿಕ್ಕಪ್ಪ ಒಪ್ಪಲಿಲ್ಲ.

ಖರ್ಚು

ಲ್ಯಾಪ್‌ಟಾಪ್ 4,000, ವಿಸಿಆರ್ 4,500, ಕ್ಯಾಪ್ಚರ್ ಡಬ್ಬಿ 900, ಕ್ಲೀನಿಂಗ್ ಟೇಪು 600, ಫೈರ್‌ವೈರ್ ವೈರು 450, ಕೆಲಸಕ್ಕೆ ಬಾರದ ವೈರು 350, ಆಲ್ಕೊಹಾಲ್ ಮತ್ತು ಚಮೋಯಿ 240, ಪಿನ್ 60. ಒಟ್ಟು 11,100. ವಿಸಿಆರ್ ಮತ್ತೆ ಮಾರಬಹುದು, ಆಗಲೇ ಇಬ್ಬರು ಕೇಳಿದ್ದಾರೆ.

ಬಾಕಿ

ನಾಲ್ಕನೇ ಟೇಪಿನ ಕೊನೆಯ ಆರು ನಿಮಿಷ ಇನ್ನೂ ಚೌಕ ಚೌಕ. ಹೆಡ್ ಕ್ಲೀನ್ ಮಾಡಿದರೂ ಹಾಗೇ ಇದೆ, ಟೇಪೇ ಸುಕ್ಕಾಗಿದೆ ಅನ್ನಿಸುತ್ತೆ. ಎರಡು ಸಲ ಬೇರೆ ಬೇರೆ ಓಡಿಸಿ, ಒಂದರಲ್ಲಿ ಹಾಳಾದ ಫ್ರೇಮಿಗೆ ಇನ್ನೊಂದರ ಒಳ್ಳೆ ಫ್ರೇಮ್ ತುಂಬಿಸಿ ನೋಡಬೇಕು. ಮುಂದಿನ ತಿಂಗಳು ಅಣ್ಣ ಬರುತ್ತಿದ್ದಾನೆ, ಹೊಸ ಕ್ಯಾಮೆರಾ ತರುತ್ತಾನಂತೆ. ಅದರ ಮೆನುವಿನಲ್ಲಿ ಪಾಲ್ ಆಯ್ಕೆ ಇದೆಯಾ ನೋಡು, ವಿಮಾನ ಹತ್ತುವ ಮೊದಲೇ ಬದಲಿಸು ಅಂತ ಮೆಸೇಜ್ ಹಾಕಿದ್ದೇನೆ. ಐಫೋನಿನಲ್ಲೂ ಪಾಲ್ ಫಾರ್ಮ್ಯಾಟ್ ತೋರಿಸು ಅಂತ ಒಂದು ಆಯ್ಕೆ ಇರುತ್ತೆ, ಅದನ್ನೂ ಹಾಕಿಕೋ ಅಂದಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.